ಒಳ್ಳೆಯ ಡಿಫೆಂಡರ್‌ನನ್ನು ಕಳೆದುಕೊಳ್ಳುವ ಸರಿಯಾದ ವಿಧಾನ

ನೀವೊಂದು ಫುಟ್‌ಬಾಲ್ ಕ್ಲಬ್ಬಿನ ಮಾಲೀಕರು. ನಿಮ್ಮ ತಂಡದಲ್ಲೊಬ್ಬ ಡಿಫೆಂಡರ್ ಇದ್ದಾನೆ. ಅವನು ಬಂದ ಮೇಲೆ ಎದುರಾಳಿಗಳ ಗೋಲು ಕಡಿಮೆಯಾಗಿದೆ, ಗೋಲ್‌ಕೀಪರ್‌ಗೆ ಅರ್ಧ ಕೆಲಸ ತಪ್ಪಿದೆ, ಕೋಚ್‌ಗೆ ರಾತ್ರಿ ನಿದ್ದೆ ಬರುತ್ತಿದೆ. ಈಗ ಅವನ ಏಜೆಂಟ್ ಬಂದು ನಿಮ್ಮೆದುರು ಕೂತು, ಸ್ಟ್ರೈಕರ್‌ಗೆ ಕೊಡುವಷ್ಟೇ ಸಂಬಳ ಇವನಿಗೂ ಬೇಕು ಎನ್ನುತ್ತಿದ್ದಾನೆ. ಗಾಬರಿಯಾಗಬೇಡಿ. ನಿಮಗಿಂತ ದೊಡ್ಡ ಕ್ಲಬ್ಬುಗಳು ಈ ಸಂಕಟ ದಾಟಿ, ಡಿಫೆಂಡರ್‌ನನ್ನೂ ಟ್ರೋಫಿಯನ್ನೂ ಒಟ್ಟಿಗೇ ಕಳೆದುಕೊಂಡು ಹಗುರಾಗಿವೆ. ಕೆಳಗಿನ ಹೆಜ್ಜೆಗಳನ್ನು ಕ್ರಮವಾಗಿ ಪಾಲಿಸಿ. ನಿಮಗೂ ಸಾಧ್ಯವಿದೆ.

ಹೆಜ್ಜೆ 1: ಆದದ್ದನ್ನು ಮಾತ್ರ ಎಣಿಸಿ

ಒಂದು ಹಾಳೆ ತೆಗೆದುಕೊಳ್ಳಿ. ಯಾರು ಎಷ್ಟು ಗೋಲು ಹೊಡೆದರು, ಎಷ್ಟು ಗೋಲಿಗೆ ಪಾಸ್ ಕೊಟ್ಟರು, ಯಾರ ಹೆಸರಿನ ಜೆರ್ಸಿ ಎಷ್ಟು ಮಾರಾಟವಾಯಿತು, ಬರೆಯಿರಿ. ಡಿಫೆಂಡರ್‌ನ ಸಾಲಿನಲ್ಲಿ ಸೊನ್ನೆಗಳು ತಾವಾಗಿಯೇ ಬಂದು ಕೂರುತ್ತವೆ. ಅವನಿಂದಾಗಿ ಆಗದೇ ಹೋದ ಗೋಲುಗಳಿಗೆ ಕಾಲಂ ಎಳೆಯಬೇಡಿ. ಕಳ್ಳತನವೇ ಆಗದ ಬೀದಿಯಲ್ಲಿ ಕಾವಲುಗಾರನಿಗೆ ಸಂಬಳ ದಂಡ ಎಂಬ ತತ್ವವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಏಜೆಂಟ್ ವಾದಕ್ಕಿಳಿದರೆ ಟ್ಯಾಕಲ್‌ಗಳ ಲೆಕ್ಕ ತೆಗೆಯಿರಿ. ಒಳ್ಳೆಯ ಡಿಫೆಂಡರ್ ಸರಿಯಾದ ಜಾಗದಲ್ಲಿ ಮೊದಲೇ ನಿಂತಿರುತ್ತಾನೆ. ಚೆಂಡಿಗಾಗಿ ನೆಲಕ್ಕೆ ಬಿದ್ದು ಜಾರುವ ಪ್ರಮೇಯವೇ ಅವನಿಗೆ ಹೆಚ್ಚಾಗಿ ಬರುವುದಿಲ್ಲ. ಹಾಗಾಗಿ ಅವನ ಟ್ಯಾಕಲ್ ಸಂಖ್ಯೆ ಕಡಿಮೆ ಇರುತ್ತದೆ. ಅದನ್ನು ಸೋಮಾರಿತನ ಎಂದು ಓದಿ.

ಪ್ರಶಸ್ತಿ ಕೊಡುವವರೂ ನಿಮ್ಮ ಪರವೇ. ವರ್ಷದ ಶ್ರೇಷ್ಠ ಆಟಗಾರನಿಗೆಂದು 1956ರಿಂದ ಕೊಡುತ್ತಿರುವ ಬ್ಯಾಲನ್ ಡಿ'ಓರ್ ಡಿಫೆಂಡರ್‌ಗಳ ಕೈಸೇರಿದ್ದು ತೀರಾ ಅಪರೂಪ: ಬೆಕೆನ್‌ಬಾಯರ್, ಸಾಮರ್, 2006ರಲ್ಲಿ ಕನವಾರೊ. 2019ರಲ್ಲಿ ಲಿವರ್‌ಪೂಲ್‌ನ ವರ್ಜಿಲ್ ವಾನ್ ಡೈಕ್ ಹತ್ತಿರ ಹೋಗಿದ್ದರು. ಮೆಸ್ಸಿಗೆ 686 ಅಂಕ, ಅವರಿಗೆ 679. ಆ ಏಳು ಅಂಕವನ್ನು ಏಜೆಂಟ್‌ಗೆ ತೋರಿಸಿ, ಉಳಿದ 679 ನಿಮಗೆ ಕಾಣಲೇ ಇಲ್ಲ ಎಂಬಂತೆ ಇರಿ.

ಹೆಜ್ಜೆ 2: ಅವನನ್ನು ಮಾರಿ, ಹಣವನ್ನೆಲ್ಲ ಮುಂದಿನ ಸಾಲಿಗೆ ಸುರಿಯಿರಿ

ಇದಕ್ಕೆ ಮಾದರಿ ಪಾಠ 2001ರ ಮ್ಯಾಂಚೆಸ್ಟರ್ ಯುನೈಟೆಡ್. ಸತತ ಮೂರು ಬಾರಿ ಲೀಗ್ ಗೆದ್ದಿದ್ದ ತಂಡ. ಅದರ ಗೋಡೆ ಡಚ್ ಆಟಗಾರ ಯಾಪ್ ಸ್ಟಾಮ್. ಕೋಚ್ ಅಲೆಕ್ಸ್ ಫರ್ಗ್ಯುಸನ್ ಆ ಬೇಸಿಗೆಯಲ್ಲಿ ಸ್ಟ್ರೈಕರ್ ವಾನ್ ನಿಸ್ಟಲ್‌ರೂಯ್‌ಗೆ ಸುಮಾರು 1.9 ಕೋಟಿ ಪೌಂಡ್, ಮಿಡ್‌ಫೀಲ್ಡರ್ ವೆರೋನ್‌ಗೆ ಸುಮಾರು 2.8 ಕೋಟಿ ಪೌಂಡ್ ಸುರಿದರು. ಸ್ಟಾಮ್‌ರನ್ನು ಸುಮಾರು 1.6 ಕೋಟಿಗೆ ಇಟಲಿಯ ಲಾಜಿಯೊಗೆ ಮಾರಿದರು. ಗಾಯದ ನಂತರ ವೇಗ ಇಳಿದಿದೆ ಎಂಬುದು ಅವರ ಅಂದಾಜು. ಟ್ಯಾಕಲ್‌ಗಳ ಲೆಕ್ಕ ಇಳಿದದ್ದೂ ಒಂದು ಕಾರಣ ಎಂದು ಬರೆದವರಿದ್ದಾರೆ. ಈ ಸುದ್ದಿಯನ್ನು ಫರ್ಗ್ಯುಸನ್ ತಮಗೆ ತಿಳಿಸಿದ್ದು ಒಂದು ಪೆಟ್ರೋಲ್ ಬಂಕಿನಲ್ಲಿ ಎಂದು ಸ್ಟಾಮ್ ಆಮೇಲೆ ಹೇಳಿಕೊಂಡಿದ್ದಾರೆ. ನೀವೂ ಇಂಥ ಜಾಗವನ್ನೇ ಆರಿಸಿ. ಕಾರಿನ ಟ್ಯಾಂಕ್ ತುಂಬುವುದರೊಳಗೆ ಮಾತು ಮುಗಿಯುತ್ತದೆ.

ಜಾಗ ಖಾಲಿ ಬಿಡಬೇಡಿ. 35 ವರ್ಷ ದಾಟಿದ, ವರ್ಗಾವಣೆ ಶುಲ್ಕವಿಲ್ಲದೆ ಸಿಗುವ ಹಿರಿಯರೊಬ್ಬರನ್ನು ತಂದು ನಿಲ್ಲಿಸಿ. ಯುನೈಟೆಡ್ ಲೊರಾಂ ಬ್ಲಾಂ ಅವರನ್ನು ತಂದಿತು. ವಿಶ್ವಕಪ್ ಗೆದ್ದ ತಂಡದ ಆಟಗಾರ, ಗೌರವಕ್ಕೇನೂ ಕೊರತೆಯಿಲ್ಲ. ಕೊರತೆ ಇದ್ದದ್ದು ಕಾಲಿನ ವೇಗಕ್ಕೆ.

ಫಲಿತಾಂಶ ನೋಡಿ ಹೆಮ್ಮೆಪಡಿ. 2001-02ರಲ್ಲಿ ಯುನೈಟೆಡ್ 87 ಗೋಲು ಹೊಡೆಯಿತು. ಲೀಗ್‌ನಲ್ಲಿ ಅಷ್ಟು ಗೋಲು ಯಾರೂ ಹೊಡೆಯಲಿಲ್ಲ. ಬಿಟ್ಟುಕೊಟ್ಟದ್ದು 45. ಹಿಂದಿನ ವರ್ಷ ಅದು 31 ಇತ್ತು. ಅತಿ ಹೆಚ್ಚು ಗೋಲು ಹೊಡೆದ ತಂಡ ಮೂರನೇ ಸ್ಥಾನಕ್ಕೆ ಇಳಿಯಿತು. ಮರುವರ್ಷ ಲೀಡ್ಸ್‌ನಿಂದ ರಿಯೊ ಫರ್ಡಿನೆಂಡ್ ಎಂಬ ಡಿಫೆಂಡರ್‌ನನ್ನು ಸುಮಾರು 3 ಕೋಟಿ ಪೌಂಡ್ ಕೊಟ್ಟು ತಂದರು, ಲೀಗ್ ಮತ್ತೆ ಗೆದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಇದೇ. ಬಾಗಿಲಿನ ಬೆಲೆ ಹೆಚ್ಚುಕಡಿಮೆ ಎರಡರಷ್ಟಾಗಿತ್ತು, ಅಷ್ಟೇ. ಸ್ಟಾಮ್‌ರನ್ನು ಮಾರಿದ್ದು ತಪ್ಪು ಎಂದು ಫರ್ಗ್ಯುಸನ್ ಮುಂದೆ ಒಪ್ಪಿಕೊಂಡರು. ನೀವು ಹಾಗೆ ಒಪ್ಪಿಕೊಳ್ಳುವ ಅಗತ್ಯವಿಲ್ಲ. ಅವರ ಹಾಗೆ ಹದಿಮೂರು ಬಾರಿ ಲೀಗ್ ಗೆದ್ದವರಿಗೆ ಮಾತ್ರ ಅಂಥ ಐಷಾರಾಮ.

ಹೆಜ್ಜೆ 3: ಮೀನ ಮೇಷ ಎಣಿಸಿ

ಮಾರುವ ಧೈರ್ಯವಿಲ್ಲವೇ? ಚಿಂತೆಯಿಲ್ಲ, ಸುಮ್ಮನಿರಿ. ಒಪ್ಪಂದ ಮುಗಿಯಲು ಎರಡು ವರ್ಷ ಇರುವಾಗ "ಇನ್ನೂ ಸಮಯವಿದೆ" ಎನ್ನಿ. ಒಂದು ವರ್ಷ ಇರುವಾಗ "ಮಾತುಕತೆ ನಡೆಯುತ್ತಿದೆ" ಎನ್ನಿ. ಆರು ತಿಂಗಳಿರುವಾಗ "ಅವನಿಗೆ ಕ್ಲಬ್ಬಿನ ಮೇಲೆ ಪ್ರೀತಿಯಿದೆ" ಎನ್ನಿ. 1995ರ ಬೋಸ್ಮನ್ ತೀರ್ಪಿನ ನಂತರ ಯುರೋಪಿನಲ್ಲಿ ಒಪ್ಪಂದ ಮುಗಿದ ಆಟಗಾರ ಹಳೆಯ ಕ್ಲಬ್ಬಿಗೆ ಬಿಡಿಗಾಸೂ ಕೊಡಿಸದೆ ಎದ್ದು ಹೋಗಬಹುದು. ಈ ತೀರ್ಪನ್ನು ಓದಬೇಡಿ. ಏಜೆಂಟ್ ಓದಿರುತ್ತಾನೆ.

ಸೋಲ್ ಕ್ಯಾಂಬೆಲ್ ಟಾಟನ್‌ಹ್ಯಾಮ್‌ನಲ್ಲೇ ಬೆಳೆದವರು, ಅದರ ನಾಯಕರು. ಕ್ಲಬ್ ದೊಡ್ಡ ಸಂಬಳವನ್ನೇ ಮುಂದಿಟ್ಟಿತ್ತು. ಆದರೆ ಅಷ್ಟು ಹೊತ್ತಿಗೆ ಒಪ್ಪಂದ ತೀರುತ್ತಾ ಬಂದಿತ್ತು, ಆಯ್ಕೆಯೆಲ್ಲ ಆಟಗಾರನದಾಗಿತ್ತು. 2001ರ ಬೇಸಿಗೆಯಲ್ಲಿ ಅವರು ಉತ್ತರ ಲಂಡನ್ನಿನದೇ ಬದ್ಧವೈರಿ ಆರ್ಸೆನಲ್‌ಗೆ ಹೋದರು, ಒಂದು ಪೌಂಡ್ ಶುಲ್ಕವೂ ಇಲ್ಲದೆ. ಮೊದಲ ವರ್ಷವೇ ಆರ್ಸೆನಲ್ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದಿತು. 2003-04ರಲ್ಲಿ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮತ್ತೆ ಲೀಗ್ ಗೆದ್ದಿತು. ಆ ಗೆಲುವು ಖಚಿತವಾದದ್ದು ಟಾಟನ್‌ಹ್ಯಾಮ್‌ನ ಮೈದಾನದಲ್ಲೇ.

ಈ ವಿಧಾನದಲ್ಲಿ ಮಾಲೀಕರಿಗೊಂದು ಲಾಭವಿದೆ. ಅಭಿಮಾನಿಗಳು ಶಾಪ ಹಾಕುವುದು ಹೋದವನಿಗೆ. ಕ್ಯಾಂಬೆಲ್ ಹಳೆಯ ಮೈದಾನಕ್ಕೆ ಆಡಲು ಬಂದಾಗ ಜನ ದ್ರೋಹಿ ಎಂದು ಕೂಗಿದ್ದು ಅವರನ್ನು. ಒಪ್ಪಂದದ ಕಡತ ಯಾವ ಮೇಜಿನ ಮೇಲಿತ್ತು ಎಂದು ಯಾರೂ ಕೇಳುವುದಿಲ್ಲ.

ಹೆಜ್ಜೆ 4: ಹೋದವನನ್ನು ಹೀಗಳೆಯಿರಿ

ಇಲ್ಲಿ ಗುರು ರಿಯಲ್ ಮ್ಯಾಡ್ರಿಡ್ ಅಧ್ಯಕ್ಷ ಫ್ಲೊರೆಂಟಿನೊ ಪೆರೆಜ್. ಕ್ಲಾಡ್ ಮಕೆಲೆಲೆ ಹೆಸರಿಗೆ ಮಿಡ್‌ಫೀಲ್ಡರ್. ಮಾಡುತ್ತಿದ್ದದ್ದು ಡಿಫೆಂಡರ್‌ಗಳ ಮುಂದೆ ನಿಂತು ಕಾಯುವ ಕೆಲಸ, ಆದ್ದರಿಂದ ಈ ಪಾಠಕ್ಕೆ ಅವರೂ ಸೇರುತ್ತಾರೆ. ತಂಡದ ತಾರೆಗಳಿಗೆ ಹೋಲಿಸಿದರೆ ಅವರ ಸಂಬಳ ತೀರಾ ಕಡಿಮೆ. 2003ರಲ್ಲಿ ಏರಿಸಿ ಎಂದು ಕೇಳಿದರು. ಅದೇ ಬೇಸಿಗೆಯಲ್ಲಿ ಬೆಕಮ್‌ರನ್ನು ಬರಮಾಡಿಕೊಂಡಿದ್ದ ಕ್ಲಬ್ ಇವರಿಗೆ ಇಲ್ಲ ಎಂದಿತು. ಮಕೆಲೆಲೆ ಚೆಲ್ಸಿಗೆ ಹೋದರು. ಅವರಿಗೆ ಹೆಡ್ ಮಾಡಲು ಬರುವುದಿಲ್ಲ, ಮೂರು ಮೀಟರ್ ಆಚೆಗೆ ಪಾಸ್ ಕೊಡುವುದೇ ಅಪರೂಪ, ನಮಗೇನೂ ನಷ್ಟವಿಲ್ಲ ಎಂಬ ಧಾಟಿಯಲ್ಲಿ ಪೆರೆಜ್ ಮಾತಾಡಿದರು.

ನೀವೂ ಹೀಗೇ ಅಳತೆ ಹಿಡಿದು ಮಾತಾಡಿ. ಮೀಟರ್ ಲೆಕ್ಕಕ್ಕೆ ಎದುರುತ್ತರ ಕೊಡುವುದು ಕಷ್ಟ. ಆದರೆ ಮುಂದಿನ ಮೂರು ವರ್ಷ ಪತ್ರಿಕೆ ಓದಬೇಡಿ. ಮಕೆಲೆಲೆ ಹೋದ ಋತುವಿನ ಕೊನೆಯ ಐದು ಲೀಗ್ ಪಂದ್ಯಗಳನ್ನೂ ಸೋತು ರಿಯಲ್ ನಾಲ್ಕನೇ ಸ್ಥಾನದಲ್ಲಿ ನಿಂತಿತು. ಸ್ಪೇನಿನ ಲೀಗ್ ಮತ್ತೆ ಅವರ ಕೈಸೇರಿದ್ದು 2007ರಲ್ಲಿ. ಅಷ್ಟರಲ್ಲಿ ಪೆರೆಜ್ ರಾಜೀನಾಮೆ ಕೊಟ್ಟಾಗಿತ್ತು. ಮಕೆಲೆಲೆ ಕಾಯುತ್ತಿದ್ದ ಚೆಲ್ಸಿ 2004-05ರಲ್ಲಿ ಲೀಗ್ ಗೆದ್ದಿತು. 38 ಪಂದ್ಯಗಳಲ್ಲಿ ಅದು ಬಿಟ್ಟುಕೊಟ್ಟದ್ದು 15 ಗೋಲು.

ಹೆಜ್ಜೆ 5: ಕೊಡಲೇಬೇಕಾದರೆ ಗಾಬರಿಯಲ್ಲಿ ಕೊಡಿ

ಕೆಲವೊಮ್ಮೆ ಹಣ ಬಿಚ್ಚುವುದು ಅನಿವಾರ್ಯವಾಗುತ್ತದೆ. ಆಗ ಆಟಗಾರನನ್ನು ನೋಡಬೇಡಿ, ಪಕ್ಕದ ಕ್ಲಬ್ಬಿನ ರಸೀದಿ ನೋಡಿ. 2018ರ ಜನವರಿಯಲ್ಲಿ ಲಿವರ್‌ಪೂಲ್ ವಾನ್ ಡೈಕ್‌ಗೆ 7.5 ಕೋಟಿ ಪೌಂಡ್ ಕೊಟ್ಟಿತ್ತು. ಡಿಫೆಂಡರ್ ಒಬ್ಬನಿಗೆ ಅದು ಆಗ ದಾಖಲೆ ಮೊತ್ತ. ಹಿಂದಿನ ಬೇಸಿಗೆಯಲ್ಲಿ ಅವರು ಸಿಗದಿದ್ದಾಗ ಲಿವರ್‌ಪೂಲ್ ಇನ್ನೊಬ್ಬನ ಬೆನ್ನು ಹತ್ತಲಿಲ್ಲ, ಅವರಿಗಾಗಿಯೇ ಆರು ತಿಂಗಳು ಕಾಯಿತು. ಅದೇ ಜನವರಿಯಲ್ಲಿ ದಾಳಿಯ ತಾರೆ ಕುಟಿನ್ಯೊನನ್ನು ಬಾರ್ಸಿಲೋನಾಕ್ಕೆ ಮಾರಿತು. ಎರಡನೇ ಹೆಜ್ಜೆಯ ಪೂರ್ತಿ ಉಲ್ಟಾ. ಈ ಅಶಿಸ್ತಿನ ಫಲವಾಗಿ 2018-19ರ ಲೀಗ್‌ನಲ್ಲಿ ಬರೇ 22 ಗೋಲು ಬಿಟ್ಟುಕೊಟ್ಟು, 2019ರಲ್ಲಿ ಚಾಂಪಿಯನ್ಸ್ ಲೀಗನ್ನೂ 2020ರಲ್ಲಿ, 30 ವರ್ಷಗಳ ನಂತರ, ಇಂಗ್ಲಿಷ್ ಲೀಗನ್ನೂ ಗೆಲ್ಲಬೇಕಾಯಿತು.

ನೀವು ಹಾಗೆ ಮಾಡಬೇಡಿ. ಖರೀದಿಯ ಗಡುವಿಗೆ ಮೂರೇ ದಿನ ಉಳಿಯುವವರೆಗೆ ಕಾಯಿರಿ. 2019ರ ಆಗಸ್ಟ್ 5ರಂದು ಮ್ಯಾಂಚೆಸ್ಟರ್ ಯುನೈಟೆಡ್ ಹ್ಯಾರಿ ಮ್ಯಾಗ್ವಾಯರ್‌ಗೆ 8 ಕೋಟಿ ಪೌಂಡ್ ಕೊಟ್ಟು ದಾಖಲೆಯನ್ನು ತನ್ನದಾಗಿಸಿಕೊಂಡಿತು. ಮಾರುವವರಿಗೆ ನಿಮ್ಮ ಅವಸರ ಗೊತ್ತಿರಲಿ, ಪಕ್ಕದ ಮನೆಯ ರಸೀದಿಯೂ ಗೊತ್ತಿರಲಿ. ಬೆಲೆ ತಾನಾಗಿ ಏರುತ್ತದೆ. ಮ್ಯಾಗ್ವಾಯರ್ ಬಂದ ಮೊದಲ ವರ್ಷ ಯುನೈಟೆಡ್ ಬಿಟ್ಟುಕೊಟ್ಟ ಗೋಲುಗಳು 54ರಿಂದ 36ಕ್ಕೆ ಇಳಿದವು. ಇದನ್ನು ಯಾರಿಗೂ ನೆನಪಿಸಬೇಡಿ. ಬೆಲೆಯ ಚೀಟಿಯನ್ನು ಅವರ ಬೆನ್ನಿಗೆ ಅಂಟಿಸಿ, ವಾನ್ ಡೈಕ್ ಥರ ಯಾಕಿಲ್ಲ ಎಂದು ಪ್ರತಿ ವಾರ ಕೇಳಲು ಜನರಿಗೆ ಬಿಡಿ. ನಾಲ್ಕು ವರ್ಷದಲ್ಲಿ, ನಡುವೆ ಕೊಟ್ಟಿದ್ದ ನಾಯಕತ್ವವನ್ನೂ ಕಿತ್ತುಕೊಳ್ಳಬಹುದು.

ಹೆಜ್ಜೆ 6: ಬದಲಿ ಇಟ್ಟುಕೊಳ್ಳಬೇಡಿ

ಒಬ್ಬನಿಗೆ ಅಷ್ಟು ಕೊಟ್ಟ ಮೇಲೆ ಇನ್ನೊಬ್ಬ ಯಾಕೆ? 2020ರ ಬೇಸಿಗೆಯಲ್ಲಿ ಲಿವರ್‌ಪೂಲ್ ಲೋವ್ರೆನ್ ಎಂಬ ಡಿಫೆಂಡರ್‌ನನ್ನು ಮಾರಿ ಆ ಜಾಗ ತುಂಬಲಿಲ್ಲ. ಅಕ್ಟೋಬರ್ 17ರಂದು ಎವರ್ಟನ್ ವಿರುದ್ಧ ವಾನ್ ಡೈಕ್‌ರ ಮೊಣಕಾಲಿಗೆ ಪೆಟ್ಟಾಯಿತು. ಆ ಜಾಗದಲ್ಲಿ ಆಡುವ ಉಳಿದ ಇಬ್ಬರು ಡಿಫೆಂಡರ್‌ಗಳೂ ಗಾಯಗೊಂಡರು. ಮಿಡ್‌ಫೀಲ್ಡರ್‌ಗಳು ಹಿಂದೆ ಬಂದು ನಿಂತರು. ಜನವರಿ ಗಡುವಿಗೆ ಸರಿಯಾಗಿ ಪ್ರೆಸ್ಟನ್‌ನಿಂದ ಬೆನ್ ಡೇವಿಸ್‌ರನ್ನು ತಂದರು. ಅವರು ಲಿವರ್‌ಪೂಲ್ ಪರವಾಗಿ ಒಂದೂ ಅಧಿಕೃತ ಪಂದ್ಯ ಆಡಲಿಲ್ಲ. 68 ಲೀಗ್ ಪಂದ್ಯಗಳಲ್ಲಿ ತವರಿನಲ್ಲಿ ಸೋಲದಿದ್ದ ತಂಡ ಅದೇ ಆನ್‌ಫೀಲ್ಡ್‌ನಲ್ಲಿ ಸತತ ಆರು ಪಂದ್ಯ ಸೋತಿತು. ಕ್ಲಬ್ಬಿನ ಚರಿತ್ರೆಯಲ್ಲೇ ಅದು ಮೊದಲು. ವಾನ್ ಡೈಕ್‌ಗೆ ಕೊಟ್ಟ ಹಣ ಹೆಚ್ಚೋ ಕಡಿಮೆಯೋ ಎಂದು ಅಳೆಯಲು ಇದಕ್ಕಿಂತ ಸುಲಭದ ವಿಧಾನವಿಲ್ಲ. ಖರ್ಚು ತುಸು ಜಾಸ್ತಿ.

ಎಚ್ಚರಿಕೆಗಳು

ಈ ಕೈಪಿಡಿ ಕೆಲಸ ಮಾಡಬೇಕಾದರೆ ಕೆಲವು ಪ್ರಶ್ನೆಗಳಿಂದ ದೂರವಿರಿ. ಅವನ ವಯಸ್ಸೆಷ್ಟು, ಆಟ ವೇಗವನ್ನು ನಂಬಿದೆಯೋ ಬುದ್ಧಿಯನ್ನೋ? ಅವನ ಜಾಗಕ್ಕೆ ಅಂಥವನನ್ನೇ ತರಲು ಎಷ್ಟು ಬೇಕು? ಅವನಿದ್ದಾಗ ಎಷ್ಟು ಗೋಲು ಬಿಟ್ಟೆವು, ಇಲ್ಲದಾಗ ಎಷ್ಟು? ಇವನ್ನು ಕೇಳಿದ ಕ್ಲಬ್ಬುಗಳು ಹಾಳಾಗಿವೆ. 2025ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್ 33 ವರ್ಷದ ವಾನ್ ಡೈಕ್‌ಗೆ ಇನ್ನೆರಡು ವರ್ಷದ ಒಪ್ಪಂದ ಬರೆದುಕೊಟ್ಟಿತು. ಅದೇ ತಿಂಗಳು ಮತ್ತೊಮ್ಮೆ ಲೀಗ್ ಗೆದ್ದು, ಕಪ್ ಇಡಲು ಜಾಗ ಹುಡುಕುವ ತೊಂದರೆಗೆ ಸಿಕ್ಕಿಕೊಂಡಿತು.

ನಿಮಗೆ ಆ ತೊಂದರೆ ಬೇಡವೆಂದರೆ ಏಜೆಂಟ್‌ಗೆ ಒಂದು ಕಾಫಿ ಕೊಟ್ಟು, ಮುಂದಿನ ವಾರ ಬರಲು ಹೇಳಿ ಕಳಿಸಿ. ಸಂಬಳ ಉಳಿಯುತ್ತದೆ. ಗೋಲುಗಳು ಬೀಳುತ್ತವೆ. ಬಿದ್ದದ್ದನ್ನು ಎಣಿಸಲು ಜನರಿದ್ದಾರೆ, ಅದಕ್ಕೆ ನೀವು ಸಂಬಳ ಕೊಡಬೇಕಾಗಿಲ್ಲ.