ಹದಿನೈದು ದಿನದ ಡಾಕ್ಟರಮ್ಮ

ಬೇಸಿಗೆ ಹುಡುಕಿಕೊಂಡು, ಅದೂ ದುಡ್ಡು ಕೊಟ್ಟು, ಪರದೇಶಕ್ಕೆ ಹೋಗುವುದೆಂದರೆ ಬಳ್ಳಾರಿ ಜಿಲ್ಲೆಗೇ ಅವಮಾನ. ನಮ್ಮಲ್ಲಿ ಇರುವುದೇ ಎರಡು ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಮಾತು ಊರಿಗೆಲ್ಲ ಗೊತ್ತು. ಇಂಥ ಜಿಲ್ಲೆಯಿಂದ, ಅದೂ ಏಪ್ರಿಲ್ ತಿಂಗಳಲ್ಲಿ, ಸಿರುಗುಪ್ಪದ ನಮ್ಮ ಭಾವ ಬೆವರು ಒರೆಸಿಕೊಳ್ಳುತ್ತ ಬಂದು ಬಣ್ಣದ ಪುಸ್ತಿಕೆಯೊಂದನ್ನು ನನ್ನ ಮುಂದೆ ಹರವಿದರು.

‘ಸಮ್ಮರ್ ಪ್ರೋಗ್ರಾಂ ಅಂತಪ್ಪ, ಇಂಗ್ಲೆಂಡಿನ್ಯಾಗ. ಮೆಡಿಕಲ್ಲು. ಹದಿನೈದು ದಿನ. ಹುಡುಗೀನ ಕಳಸಬೇಕಂತ ಮಾಡೀವಿ. ನೀ ಏನಂತಿ?’

ನನ್ನನ್ನೇ ಏಕೆ ಕೇಳಿದರೆಂದರೆ, ನಮ್ಮ ಬಳಗದಲ್ಲಿ ವೈದ್ಯಕೀಯ ಕ್ಷೇತ್ರದ ಪರಿಣತ ಎಂದರೆ ನಾನೇ. ನಾನು ಓದಿದ್ದು ಬಿಕಾಂ. ಆದರೆ ಮನೆ ಇರುವುದು ಬಳ್ಳಾರಿಯಲ್ಲಿ, ಜನ ವಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. 1961ರಲ್ಲಿ ಸರ್ಕಾರ ಇಲ್ಲೊಂದು ಮೆಡಿಕಲ್ ಕಾಲೇಜು ತೆರೆದಾಗಿನಿಂದ ಬಳ್ಳಾರಿಯಲ್ಲಿ ಮನೆ ಮಾಡಿದ ಯಾರಿಗೂ ನೆಂಟರ ಕೊರತೆ ಆಗಿಲ್ಲ. ಸಿರುಗುಪ್ಪ, ಕುರುಗೋಡು ಇರಲಿ, ಗಡಿಯಾಚೆಯ ಆದೋನಿ, ಆಲೂರು, ರಾಯದುರ್ಗದಿಂದಲೂ ಜನ ಬರುತ್ತಾರೆ. ಬಂದವರ ಜೊತೆಗೆ ಹೋಗಿ ಚೀಟಿ ಯಾವ ಕಿಟಕಿಯಲ್ಲಿ, ಎಕ್ಸ್‌ರೇ ಯಾವ ಕಡೆ, ಮೂಳೆ ಡಾಕ್ಟರು ಯಾವ ವಾರ ಎಂದು ತೋರಿಸುತ್ತ ತೋರಿಸುತ್ತ, ಅರ್ಧ ಡಾಕ್ಟರೆಂಬ ಬಿರುದು ಪದವಿಯಿಲ್ಲದೆಯೇ ನನಗೆ ಅಂಟಿಕೊಂಡಿದೆ.

ಪುಸ್ತಿಕೆ ಮಾತ್ರ ಚೆಂದವಿತ್ತು. ಹದಿನಾರು ಹದಿನೇಳರ ಹುಡುಗ ಹುಡುಗಿಯರು ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತಾಸ್ಕೋಪ್ ಇಳಿಬಿಟ್ಟು, ಎಲ್ಲ ಹಲ್ಲೂ ಕಾಣುವಂತೆ ನಗುತ್ತ ನಿಂತಿದ್ದರು. ನಾನು ಕಂಡ ಹೌಸ್ ಸರ್ಜನ್‌ಗಳಲ್ಲಿ ಒಬ್ಬರೂ ಹೀಗೆ ನಕ್ಕಿದ್ದಿಲ್ಲ. ಪಾಪ, ಅವರಿಗೆ ನಿದ್ದೆಯೇ ಸಾಲದು. ಒಳಗೆ ಕಾರ್ಯಕ್ರಮದ ವಿವರ: ಗೊಂಬೆಯ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಿ ಜೀವ ಉಳಿಸುವುದು, ಬಾಳೆಹಣ್ಣಿನ ಸಿಪ್ಪೆಗೆ ಹೊಲಿಗೆ ಹಾಕುವುದು, ಹಂದಿಯ ಹೃದಯ ಕೊಯ್ದು ಅದರ ಕೋಣೆಗಳನ್ನು ನೋಡುವುದು, ಕೊನೆಯ ದಿನ ಸರ್ಟಿಫಿಕೇಟು.

ಭಾವ ಮೂರನೆಯದಕ್ಕೆ ಬಂದಾಗ ದನಿ ತಗ್ಗಿಸಿದರು. ‘ಹಂದಿ ಅಂತ ನಿಮ್ಮಕ್ಕಗ ಹೇಳಬ್ಯಾಡ. ಕುರುಗೋಡಿನ ನಿಮ್ಮವ್ವನ ಕಿವಿಗೆ ಬಿದ್ರಂತೂ ಮುಗೀತು.’ ಮೂರು ಹೊತ್ತೂ ವಿಭೂತಿ ಇಡುವ ಮನೆತನ ನಮ್ಮದು.

‘ಪೇಷಂಟುಗಳ್ನ ಮುಟ್ಟಾಕ ಬಿಡ್ತಾರಾ?’ ಎಂದೆ.

‘ಬಿಡ್ತಿರಬೇಕು. ಅಷ್ಟು ದುಡ್ಡು ಕೊಡ್ತೀವಲ್ಲ!’

ಬಿಡುವುದಿಲ್ಲ. ಹದಿನಾರರ ಮಗುವಿನ ಕೈಗೆ ರೋಗಿಯನ್ನು ಯಾವ ದೇಶವೂ ಕೊಡದು. ಅಮೆರಿಕದಲ್ಲಂತೂ ರೋಗಿಯ ವಿವರ ಹೊರಗಿನವರ ಕಿವಿಗೆ ಬೀಳದಂತೆ ಕಾಯುವ ನಿಯಮಗಳಿಗೆ 1996ರ ಒಂದು ಕಾನೂನೇ ಆಧಾರ. ಅಲ್ಲಿಯ ಗುಟ್ಟು ಅಲ್ಲಿಗೆ ಇರಲಿ. ನಮ್ಮ ವಾರ್ಡುಗಳಲ್ಲಿ ಪಕ್ಕದ ಹಾಸಿಗೆಯವರೇ ಕರೆದು ಕೂರಿಸಿಕೊಂಡು, ಅಂಗಿ ಎತ್ತಿ ಆಪರೇಷನ್ನಿನ ಗಾಯ ತೋರಿಸಿ, ‘ನಿಮಗೇನಾಗೇತಿ?’ ಎಂದು ನಮ್ಮದನ್ನೂ ಕೇಳುತ್ತಾರೆ.

ನಮ್ಮ ಭಾವ ದಡ್ಡರೇನೂ ಅಲ್ಲ. ಸಿರುಗುಪ್ಪದಲ್ಲಿ ಭತ್ತದ ವ್ಯಾಪಾರ. ಚೀಲಕ್ಕೆ ಕೊಳವೆ ಚುಚ್ಚಿ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, ಒಂದನ್ನು ಹಲ್ಲಿಗೆ ಕಚ್ಚಿ, ತೇವ ಎಷ್ಟಿದೆ ಎಂದು ಮಿಷನ್ನಿಗಿಂತ ಮೊದಲೇ ಹೇಳುವ ಆಸಾಮಿ. ಲಾರಿ ಮಾಲೀಕರು ಅವರ ಹಲ್ಲಿಗೆ ಹೆದರುತ್ತಾರೆ. ಅಂಥವರು ಈ ಶಿಬಿರವನ್ನು ಕಚ್ಚಿ ನೋಡದೆ, ಫೋಟೋ ನೋಡಿಯೇ ಚೀಲ ಹೊರಲು ಸಿದ್ಧರಾಗಿದ್ದರು. ‘ಯೂನಿವರ್ಸಿಟಿ ಒಳಗ ನಡೀತೈತಿ’ ಎಂಬುದೊಂದೇ ಅವರ ಆಧಾರ. ಒಳಗೆ ನಡೆಯುವುದು ನಿಜ. ಆದರೆ ರಜೆಯಲ್ಲಿ ಖಾಲಿ ಬಿದ್ದ ಹಾಸ್ಟೆಲು, ಕೊಠಡಿಗಳನ್ನು ಖಾಸಗಿ ಕಂಪನಿಗಳು ಬಾಡಿಗೆಗೆ ಹಿಡಿದು ಇಂಥ ಶಿಬಿರ ನಡೆಸುವುದು ಅಲ್ಲೆಲ್ಲ ಮಾಮೂಲು. ಕಲ್ಯಾಣ ಮಂಟಪದಲ್ಲಿ ಮದುವೆಯಾದವರನ್ನು ಮಂಟಪದ ಮಾಲೀಕರ ಅಳಿಯ ಎನ್ನಲಾಗುತ್ತದೆಯೇ?

ಅಕ್ಕನ ಲೆಕ್ಕ ಬೇರೆ. ಅವಳ ಕಣ್ಣೆದುರು ಆಗಲೇ ಒಂದು ಫ್ಲೆಕ್ಸ್ ಕಟ್ಟಿಯಾಗಿತ್ತು. ಸಿರುಗುಪ್ಪದ ಬಸ್‌ ನಿಲ್ದಾಣದ ಎದುರು, ಬಿಳಿ ಕೋಟಿನಲ್ಲಿ ಮಗಳು, ಹಿಂದೆ ವಿಮಾನ, ಕೆಳಗೆ ‘ವಿದೇಶಕ್ಕೆ ತೆರಳುತ್ತಿರುವ ಕುಮಾರಿಗೆ ಹಾರ್ದಿಕ ಶುಭಾಶಯಗಳು’, ಅದರ ಕೆಳಗೆ ಸಣ್ಣ ಸಣ್ಣ ವೃತ್ತಗಳಲ್ಲಿ ನಮ್ಮೆಲ್ಲರ ಮೋರೆ. ನನ್ನ ಹಳೆಯ ಪಾಸ್‌ಪೋರ್ಟ್ ಸೈಜ್ ಫೋಟೋ ಯಾವುದಾದರೂ ಇದೆಯಾ ಎಂದು ಅವಳು ಫೋನಿನಲ್ಲಿ ಕೇಳಿದ್ದು ಹುಡುಗಿಯ ಪಾಸ್‌ಪೋರ್ಟಿಗೆ ಅರ್ಜಿ ಹಾಕುವುದಕ್ಕಿಂತ ಮುಂಚೆ.

ತೊಡಕು ಪಂಚಾಂಗದಲ್ಲಿತ್ತು. ಅವರ ಬೇಸಿಗೆ ಜುಲೈನಲ್ಲಿ. ನಮ್ಮ ಹುಡುಗಿ ಎಸೆಸೆಲ್ಸಿ ಬರೆದು ಕೂತಿದ್ದಳು. ಜೂನ್ ಬಂದರೆ ಪಿಯುಸಿ ವಿಜ್ಞಾನದ ತರಗತಿ ಶುರು. ಶೇಕಡ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹದಿನೈದು ದಿನ ತಪ್ಪಿದರೆ ಹಾಜರಿ ಹೇಗೋ ಸರಿದೂಗೀತು, ಫಿಸಿಕ್ಸ್ ಸರಿದೂಗದು. ಮುಂದೆ ಡಾಕ್ಟರಾಗಲು ಬೇಕಾದದ್ದು ನೀಟ್: 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಜೀವಶಾಸ್ತ್ರ. ಬಾಳೆಸಿಪ್ಪೆಗೆ ಎಷ್ಟು ನೀಟಾಗಿ ಹೊಲಿದರೂ ಅಲ್ಲಿ ಒಂದಂಕ ಹೆಚ್ಚು ಬೀಳುವುದಿಲ್ಲ. ಎಂಬಿಬಿಎಸ್ಸನ್ನೇ ಹೊರದೇಶದಲ್ಲಿ ಓದಿ ಬಂದು ಇಲ್ಲಿ ಡಾಕ್ಟರಿಕೆ ಮಾಡುತ್ತೇನೆಂದರೂ ನೀಟ್ ಪಾಸಾಗಿಯೇ ವಿಮಾನ ಹತ್ತಬೇಕು. ಇದನ್ನು ಹೇಳಿದಾಗ ಭಾವ, ‘ಅನುಭವ ಆಗ್ತೈತಲ್ಲಪ’ ಎಂದರು. ಅನುಭವ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಎದುರುತ್ತರವಿಲ್ಲ.

ಇಷ್ಟೆಲ್ಲ ನಡೆಯುವಾಗ ಹುಡುಗಿ ಎಲ್ಲಿದ್ದಳು? ಕುರುಗೋಡಿನಲ್ಲಿ, ನಮ್ಮವ್ವನ ಮನೆಯಲ್ಲಿ, ರಜೆಗೆ. ಅವಳನ್ನು ಒಂದು ಮಾತು ಕೇಳೋಣವೆಂದು ಹೋದೆ. ಪುಸ್ತಿಕೆಯ ಪಿಡಿಎಫ್ ನನಗಿಂತ ಮೊದಲೇ ಅವಳ ಮೊಬೈಲಿಗೆ ಬಂದಿತ್ತು. ಪಡಸಾಲೆಯಲ್ಲಿ ಕೂತು, ಬಾಳೆಹಣ್ಣಿನ ಸಿಪ್ಪೆಯನ್ನು ಬ್ಲೇಡಿನಿಂದ ಸೀಳಿ, ಯೂಟ್ಯೂಬ್ ನೋಡಿಕೊಂಡು ದಾರದಿಂದ ಹೊಲಿಯುತ್ತಿದ್ದಳು. ಹಣ್ಣನ್ನೆಲ್ಲ ತಮ್ಮನಿಗೆ ತಿನ್ನಿಸಿ ಅವನಿಗೆ ಹೊಟ್ಟೆ ಕಟ್ಟಿತ್ತು. ಎದುರಿಗೆ ಕೌದಿ ಹರವಿಕೊಂಡು ಕೂತಿದ್ದ ಅವ್ವ ಸಿಪ್ಪೆಯನ್ನು ಕೈಗೆತ್ತಿಕೊಂಡು, ಕನ್ನಡಕ ಏರಿಸಿ ನೋಡಿ ತೀರ್ಪು ಕೊಟ್ಟಳು: ‘ಹೊಲಿಗಿ ದೂರ ದೂರ ಬಿದ್ದಾವ. ಎಳದೀ ಅಂದ್ರ ಹರೀತೈತಿ.’ ಅರವತ್ತು ವರ್ಷ ಹಳೆ ಸೀರೆಗಳನ್ನು ಕೂಡಿಸಿ ಹೊಲಿದವಳ ಮಾತು. ಹುಡುಗಿ ಬಿಚ್ಚಿ ಮತ್ತೆ ಹಾಕಿದಳು.

ಅವ್ವನಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಗಾಯ. ನರ್ಸಮ್ಮ ಒಂದು ದಿನ ತೋರಿಸಿಕೊಟ್ಟ ಮೇಲೆ ಸಲೈನ್ ಹಾಕಿ ತೊಳೆದು ಗಾಜ್ ಬಟ್ಟೆ ಕಟ್ಟುವ ಕೆಲಸ ಮೊಮ್ಮಗಳ ಪಾಲಿಗೆ ಬಂದಿತ್ತು. ಇದನ್ನು ಓದಿ ಯಾರೂ ಕಣ್ಣು ಒದ್ದೆ ಮಾಡಿಕೊಳ್ಳಬೇಕಿಲ್ಲ. ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ‘ಕಾಲು ಅಳ್ಳಾಡಸಬ್ಯಾಡ ಅಂದ್ರ ತಿಳಿಯಂಗಿಲ್ಲೇನು!’ ಎಂದು ಗದರುತ್ತಲೇ ಮಾಡುತ್ತಿದ್ದಳು. ಅವ್ವನೂ ಬಿಡುತ್ತಿರಲಿಲ್ಲ: ‘ನಿಮ್ಮವ್ವನ್ನ ಹೆತ್ತಾಕಿ ನಾನು, ನನಗ ಜೋರು ಮಾಡ್ತೀಯೇನ?’

ನನ್ನ ಕಣ್ಣಿಗೆ ಬಿದ್ದದ್ದು ಒಂದು ನೋಟ್‌ಬುಕ್. ಹತ್ತನೇ ತರಗತಿಯ ವಿಜ್ಞಾನದ ಪುಸ್ತಕ, ಹಿಂದಿನಿಂದ ತಿರುವಿ ಬರೆದದ್ದು. ತಾರೀಕು, ಗಾಯದ ಉದ್ದ, ಅಗಲ, ಜಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲಿ ಅಳೆದದ್ದು. ಕೊನೆಯ ಕಾಲಮಿನಲ್ಲಿ ‘ನೋವು’ ಎಂಬ ತಲೆಬರಹ, ಅದರ ಕೆಳಗೆ ಸಾಲಾಗಿ ಇಲ್ಲ, ಇಲ್ಲ, ಇಲ್ಲ. ಒಂದು ‘ಇಲ್ಲ’ದ ಕೆಳಗೆ ಎರಡು ಗೆರೆ ಎಳೆದಿದ್ದಳು.

‘ಮಾಮಾ, ಇಷ್ಟು ದೊಡ್ಡ ಗಾಯ ಐತಿ, ನೋವೇ ಇಲ್ಲ ಅಂತಾಳ. ಅದು ಹೆಂಗ?’

ಅರ್ಧ ಡಾಕ್ಟರಿಗೆ ಉತ್ತರ ಗೊತ್ತಿರಲಿಲ್ಲ. ಬಳ್ಳಾರಿಗೆ ಬಂದು ಪೂರ್ತಿ ಡಾಕ್ಟರೊಬ್ಬರನ್ನು ಕೇಳಿದೆ. ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಪಾದದ ನರಗಳು ಕೆಡುತ್ತವೆ. ಮುಳ್ಳು ಚುಚ್ಚಿದರೂ, ಬೆಂಕಿ ತಾಗಿದರೂ ತಿಳಿಯುವುದಿಲ್ಲ. ನೋವಿಲ್ಲದ್ದೇ ಅಲ್ಲಿ ಅಪಾಯದ ಗುರುತು ಎಂದರು. ಫೋನಿನಲ್ಲಿ ಹೇಳಿದ್ದೇ ತಡ, ಹುಡುಗಿ ‘ಹಂಗಾರೆ ಗುಡಿ!’ ಎಂದು ಕೂಗಿದಳು. ನಮ್ಮವ್ವ ಸೋಮವಾರ ಮಧ್ಯಾಹ್ನ ಬರಿಗಾಲಲ್ಲಿ ದೊಡ್ಡ ಬಸವೇಶ್ವರನ ಗುಡಿಗೆ ಹೋಗುತ್ತಿದ್ದಳು. ಕುರುಗೋಡಿನ ಏಪ್ರಿಲ್ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಎಲ್ಲರೂ ಕುಣಿಯುತ್ತ ಓಡುವಾಗ ತಾನೊಬ್ಬಳೇ ನಿಧಾನಕ್ಕೆ ನಡೆದುಹೋಗಿ, ‘ನನ್ನ ಕಾಲು ಸುಡಂಗಿಲ್ಲ, ಎಲ್ಲಾ ಬಸವಣ್ಣನ ದಯ’ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಈಗ ಅವಳ ದರ್ಶನ ಹೊತ್ತು ಮೂಡುವ ಮುಂಚೆ, ಮೊಮ್ಮಗಳ ಕಾವಲಿನಲ್ಲಿ. ಬಸವಣ್ಣನ ಮೇಲಿನ ನಂಬಿಕೆ ಇದ್ದಷ್ಟೇ ಇದೆ. ಮೊಮ್ಮಗಳ ಮೇಲೆ ಮಾತ್ರ ಸಿಟ್ಟು.

ಭಾವನಿಗೆ ನನ್ನ ವರದಿ ಒಪ್ಪಿಸಿದೆ. ಹುಡುಗಿಯನ್ನು ಓದಲು ಬಿಡಿ, ಅವಳು ಡಾಕ್ಟರಾದರೂ ಆದಾಳು. ಶಿಬಿರಕ್ಕೆ ಈ ವರ್ಷ ಬೇಡ. ಎರಡನೇ ಪಿಯುಸಿ ಮುಗಿದು, ಮೇ ತಿಂಗಳಲ್ಲಿ ನೀಟ್ ಬರೆದ ಮೇಲೆ ಅವಳಿಗೆ ನಿಜವಾದ ಪುರುಸೊತ್ತು ಬರುತ್ತದೆ. ಆಗ ಅವಳಿಗೇ ಬೇಕೆನಿಸಿದರೆ, ನಿಮ್ಮ ಹತ್ತಿರ ದುಡ್ಡಿದ್ದರೆ, ಲಂಡನ್ ನೋಡಿದ ಹಾಗಾಯಿತೆಂದು ಕಳಿಸಿ. ‘ಆನಂದಿಬಾಯಿ ಜೋಶಿ ಹದಿನೆಂಟಕ್ಕೇ ಅಮೆರಿಕಕ್ಕೆ ಹೋಗಿರಲಿಲ್ಲೇನು?’ ಎಂದು ಅಕ್ಕ ನಡುವೆ ಬಾಯಿ ಹಾಕಿದಳು. ಹೋಗಿದ್ದರು, 1883ರಲ್ಲಿ. ಆದರೆ ಹೋದದ್ದು ಡಾಕ್ಟರಿಕೆಯ ಡಿಗ್ರಿಗೆ, ಅದನ್ನು ತೆಗೆದುಕೊಂಡದ್ದು 1886ರಲ್ಲಿ. ಫಿಲಡೆಲ್ಫಿಯಾದಲ್ಲಿ ಅವರು ಕಳೆದ ಚಳಿಗಾಲಗಳಿಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ. ಅಕ್ಕ ಮುಖ ಊದಿಸಿಕೊಂಡಳು. ಫ್ಲೆಕ್ಸಿನ ಡಿಸೈನಿಗೆ ಆಗಲೇ ಅಡ್ವಾನ್ಸ್ ಕೊಟ್ಟಿದ್ದಳೆಂದು ಆಮೇಲೆ ತಿಳಿಯಿತು.

ಇದರ ನಡುವೆ ಹುಡುಗಿ ಯಾರನ್ನೂ ಕೇಳದೆ ಶಿಬಿರದವರಿಗೆ ತಾನೇ ಒಂದು ಇಮೇಲ್ ಬರೆದಿದ್ದಳು. ಒಂದು, ಇದನ್ನು ನಡೆಸುವುದು ಯೂನಿವರ್ಸಿಟಿಯೋ ಕಂಪನಿಯೋ? ಎರಡು, ಕಲಿಸುವವರು ಡಾಕ್ಟರುಗಳೋ ಮೆಡಿಕಲ್ ವಿದ್ಯಾರ್ಥಿಗಳೋ? ಮೂರು, ಹಂದಿ ಹೃದಯ ಒಬ್ಬೊಬ್ಬರಿಗೆ ಒಂದೊಂದೋ, ಗುಂಪಿಗೆ ಒಂದೋ? ಮರುದಿನವೇ ಉತ್ತರ ಬಂತು. ನಿಮ್ಮ ಕನಸಿನ ಪಯಣದಲ್ಲಿ ನಮ್ಮನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದ, ಭಾನುವಾರದೊಳಗೆ ಹಣ ಕಟ್ಟಿದರೆ ರಿಯಾಯಿತಿ ಉಂಟು ಎಂದಿತ್ತು. ಹುಡುಗಿ ಅದೇ ಮೂರು ಪ್ರಶ್ನೆಗಳನ್ನು ದಪ್ಪಕ್ಷರದಲ್ಲಿ ಮತ್ತೆ ಕಳಿಸಿದಳು. ಭಾನುವಾರ ಹೋಗಿ ಇನ್ನೊಂದು ಭಾನುವಾರ ಬಂತು, ರಿಯಾಯಿತಿ ತಾನಾಗಿಯೇ ಹೆಚ್ಚಾಯಿತು, ಉತ್ತರ ಬರಲಿಲ್ಲ. ಭಾವ ಆ ಪತ್ರಗಳನ್ನು ಓದಿಸಿಕೊಂಡು ಕೇಳಿ, ‘ತೇವ ಬಾಳ ಐತಿ ಮಾಲಿನ್ಯಾಗ’ ಎಂದರು.