ಮಕ್ಕಳನ್ನು ನೋಡಿಕೊಳ್ಳುವ ಮನೆಗಳನ್ನು ಒಮ್ಮೆ ನೋಡಬನ್ನಿ: ಚಿತ್ರದುರ್ಗ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳೇ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರೇ,



ಚಿತ್ರದುರ್ಗದ ಬಡಾವಣೆಗಳಲ್ಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಓಣಿಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ತಾಯಂದಿರು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಇನ್ನೊಬ್ಬರ ಮನೆ ಬಾಗಿಲಿಗೆ ಬರುತ್ತಾರೆ. ಆ ಮನೆಗೆ ಬೋರ್ಡು ಇರುವುದಿಲ್ಲ. ಒಳಗೆ ಒಬ್ಬ ಅಕ್ಕನೋ, ಆಂಟಿಯೋ, ಅಜ್ಜಿಯೋ ಇರುತ್ತಾರೆ. ತಿಂಗಳಿಗೆ ಇಷ್ಟು ಎಂದು ಮಾತಾಡಿಕೊಂಡು ಸಂಜೆವರೆಗೆ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ನರ್ಸಿಂಗ್ ಹೋಮಿನ ಸಿಸ್ಟರ್, ಖಾಸಗಿ ಶಾಲೆಯ ಮಿಸ್, ಬಟ್ಟೆ ಅಂಗಡಿಯಲ್ಲಿ ನಿಂತೇ ದಿನ ಕಳೆಯುವ ಹುಡುಗಿ, ನಾಲ್ಕು ಮನೆಗಳಲ್ಲಿ ಮುಸುರೆ ತಿಕ್ಕುವ ಹೆಂಗಸು, ಇವರೆಲ್ಲ ಇಂಥ ಮನೆಗಳನ್ನು ನೆಚ್ಚಿಕೊಂಡೇ ದುಡಿಯುತ್ತಿದ್ದಾರೆ. ಆದರೆ ಆ ಮನೆಗಳ ಒಳಗೆ ಮಗುವಿನ ದಿನ ಹೇಗೆ ಕಳೆಯುತ್ತದೆ ಎಂದು ಕೇಳುವವರು ಯಾರೂ ಇಲ್ಲ. ಕೇಳಬೇಕು ಎಂಬ ಹೊಣೆ ಹೊತ್ತವರೂ ಕಾಣುತ್ತಿಲ್ಲ. ಈ ಪತ್ರ ಅದರ ಬಗ್ಗೆ.

ಕಾನೂನು ಮಕ್ಕಳನ್ನು ಪೂರ್ತಿ ಮರೆತಿದೆ ಎಂದು ನಾನು ಹೇಳುತ್ತಿಲ್ಲ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ತಿದ್ದುಪಡಿಗೊಂಡ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೂಡ ಕೂಲಿಕಾರ ತಾಯಂದಿರ ಮಕ್ಕಳನ್ನು ನೆನೆದಿತ್ತು. ಕೆಲಸದ ಜಾಗಕ್ಕೆ ಕನಿಷ್ಠ ಐದು ಚಿಕ್ಕ ಮಕ್ಕಳು ಬಂದರೆ ಕೂಲಿಯವರಲ್ಲೇ ಒಬ್ಬ ಮಹಿಳೆಯನ್ನು ಅವರ ಆರೈಕೆಗೆ ಬಿಡಬೇಕು, ಆಕೆಗೂ ಕೂಲಿ ಕೊಡಬೇಕು ಎಂದಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು ರಜೆ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ನಮ್ಮ ರಾಜ್ಯವೇ 2023-24ನೇ ಸಾಲಿನ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಮೂರು ವರ್ಷದೊಳಗಿನ ಕೂಸುಗಳಿಗಾಗಿಯೇ ಸರ್ಕಾರ ಹೀಗೊಂದು ಯೋಜನೆ ತಂದದ್ದು ಹೆಮ್ಮೆಯ ಸಂಗತಿ.

ಇಷ್ಟೆಲ್ಲ ಇದ್ದರೂ ಪಟ್ಟಣದ ಸಣ್ಣ ಕೆಲಸದ ತಾಯಿ ಎಲ್ಲದರಿಂದಲೂ ಹೊರಗೆ ಉಳಿಯುತ್ತಾಳೆ. ಅವಳ ಅಂಗಡಿಯಲ್ಲಿ ಇರುವುದು ಐದು ಜನ. ಅವಳ ಊರು ಪುರಸಭೆಗೋ ನಗರಸಭೆಗೋ ಸೇರಿದ್ದು, ಹಾಗಾಗಿ ಗ್ರಾಮ ಪಂಚಾಯಿತಿಯ ಕೂಸಿನ ಮನೆ ಅವಳಿಗಿಲ್ಲ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಶುರುವಾಗುವುದೇ ಮೂರು ವರ್ಷಕ್ಕೆ. ಅದಕ್ಕಿಂತ ಚಿಕ್ಕ ಮಗುವಿನ ಪಾಲಿನ ಆಹಾರ ಮನೆಗೆ ಬರುತ್ತದೆ, ಆದರೆ ಮಗುವನ್ನು ದಿನವಿಡೀ ಇಟ್ಟುಕೊಳ್ಳುವ ಏರ್ಪಾಡು ಬಹುತೇಕ ಕಡೆ ಇಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಹೊಳಲ್ಕೆರೆ, ಹೊಸದುರ್ಗದ ಕಡೆ ಸುಲಿಯಲು ಹೋಗುವ ಹೆಂಗಸರ ಪಾಡು ಇನ್ನೂ ಕಷ್ಟ. ಒಂದು ಕಡೆ ಮೆಟ್ಟುಗತ್ತಿ, ಇನ್ನೊಂದು ಕಡೆ ಅಡಿಕೆ ಬೇಯುವ ಹಂಡೆ, ನಡುವೆ ಗೋಣಿಚೀಲದ ಮೇಲೆ ಅಂಬೆಗಾಲಿಡುವ ಮಗು. ಆ ತಾಯಿಗೆ ಬೀದಿ ಕೊನೆಯ ಅಕ್ಕನ ಮನೆ ಸಿಕ್ಕರೆ ಅದೇ ದೊಡ್ಡ ಪುಣ್ಯ. ಆದ್ದರಿಂದ ಈ ಮನೆಗಳನ್ನು ಮುಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಅವುಗಳನ್ನು ನೋಡಿ, ಅಳೆಯಿರಿ, ಕೈಹಿಡಿಯಿರಿ ಎಂದು ಕೇಳುತ್ತಿದ್ದೇನೆ.

ಅಳೆಯುವುದು ಹೇಗೆ? ಈ ಪ್ರಶ್ನೆಗೆ ಬೇರೆ ಕಡೆ ಉತ್ತರ ಹುಡುಕಿದವರಿದ್ದಾರೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1989ರಲ್ಲಿ ಮನೆಗಳಲ್ಲಿ ನಡೆಯುವ ಶಿಶುಪಾಲನೆಗೆಂದೇ ಒಂದು ಅಳತೆಪಟ್ಟಿ ಮಾಡಿದರು. ಅದು ಈಗಲೂ ಪರಿಷ್ಕರಣೆಗೊಳ್ಳುತ್ತ ಬಳಕೆಯಲ್ಲಿದೆ. ಒಂದೊಂದು ಅಂಶಕ್ಕೂ 1ರಿಂದ 7ರವರೆಗೆ ಅಂಕ. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅಂಕವಲ್ಲ, ಅಂಕ ಕೊಡುವ ಬಗೆ. ಬಂದವರು ಕಾಗದಪತ್ರ ನೋಡಿ ಸಹಿ ಹಾಕಿ ಹೋಗುವುದಿಲ್ಲ. ಗಂಟೆಗಟ್ಟಲೆ ಒಂದು ಮೂಲೆಯಲ್ಲಿ ಕೂತು, ಮಗು ಅತ್ತಾಗ ಏನಾಗುತ್ತದೆ, ಉಂಡಾಗ ಏನಾಗುತ್ತದೆ, ಒದ್ದೆ ಮಾಡಿಕೊಂಡಾಗ ಏನಾಗುತ್ತದೆ ಎಂದು ಕಣ್ಣಾರೆ ನೋಡುತ್ತಾರೆ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ನೋಂದಣಿ ಮಾಡಿಸಬೇಕು. ಸಾಮಾನ್ಯವಾಗಿ ಒಬ್ಬರ ಬಳಿ ಎಂಟು ವರ್ಷದೊಳಗಿನ ಆರೇ ಮಕ್ಕಳು, ಅವರಲ್ಲಿ ತೀರಾ ಚಿಕ್ಕವರು ಮೂವರು, ವರ್ಷ ತುಂಬದ ಕೂಸು ಒಂದೇ. ಒಂದೇ ಜೊತೆ ಕೈ ಇರುವ ಹೆಂಗಸು ಎರಡು ಹಸುಗೂಸುಗಳನ್ನು ಹೊತ್ತುಕೊಂಡು ಓಡಲಾರಳು ಎಂಬ ನೇರ ಲೆಕ್ಕ ಅದು. ನಮ್ಮಲ್ಲೂ ಮೊದಲು ಗೊತ್ತು ಮಾಡಬೇಕಾದದ್ದು ಈ ಸಂಖ್ಯೆಯನ್ನೇ.

ಆದರೆ ಇಂಗ್ಲೆಂಡಿನ ಪಟ್ಟಿಯನ್ನು ತಂದು ಇಲ್ಲಿ ಅಂಟಿಸಿದರೆ ಸಾಲದು. ನಮ್ಮ ಜಿಲ್ಲೆಯ ಮಗುವಿಗೆ ನಮ್ಮ ಜಿಲ್ಲೆಯ ಪ್ರಶ್ನೆಗಳೇ ಬೇಕು.

ಮೊದಲನೆಯದು ನೀರು. ವಾಣಿವಿಲಾಸ ಸಾಗರದ ನೀರು ಹಿರಿಯೂರಿಗೂ ಚಿತ್ರದುರ್ಗಕ್ಕೂ ಬರುತ್ತದೆ. ಆದರೂ ನಲ್ಲಿ ಬಾರದ ದಿನ ಬೋರ್‌ವೆಲ್ಲೇ ಗತಿ. ಜಿಲ್ಲೆಯ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಹಲ್ಲು ಒಳಗೊಳಗೇ ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದ ಮಗುವಿನ ಹಲ್ಲಿಗೆ ಬಂದ ಕಲೆ ಮತ್ತೆ ಹೋಗುವುದಿಲ್ಲ. ‘ಕಾಯಿಸಿ ಆರಿಸಿಯೇ ಕೊಡ್ತೀನಿ’ ಎಂದು ಮಕ್ಕಳನ್ನು ನೋಡಿಕೊಳ್ಳುವ ಅಕ್ಕ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾಳೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಹಾಗಾಗಿ ಕುಡಿಯುವುದಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದ ಕ್ಯಾನ್ ಬರುತ್ತದೆಯೇ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಎರಡನೆಯದು ಸಂಪು. ನೀರು ಹಿಡಿದಿಡುವ ಊರಿನಲ್ಲಿ ಅಂಗಳಕ್ಕೊಂದು ಸಂಪು, ಬಚ್ಚಲಿಗೆರಡು ಡ್ರಮ್ಮು ಸಾಮಾನ್ಯ. ಆಗತಾನೆ ನಡೆಯಲು ಕಲಿತ ಮಗು ಮುಳುಗುವುದಕ್ಕೆ ಅರ್ಧ ಬಕೆಟ್ ನೀರು ಸಾಕು. ಸಂಪಿನ ಮುಚ್ಚಳಕ್ಕೆ ಬೀಗ ಇದೆಯೇ? ಬಚ್ಚಲ ಬಾಗಿಲಿನ ಚಿಲಕ ಮಗುವಿನ ಕೈಗೆ ಎಟುಕದಷ್ಟು ಮೇಲಿದೆಯೇ?

ಮೂರನೆಯದು ಶೇಂಗಾ. ನಮ್ಮದು ಶೇಂಗಾ ಬೆಳೆಯುವ ಜಿಲ್ಲೆ, ಹುರಿದ ಕಾಯಿ ಯಾವ ಮನೆಯಲ್ಲಿಲ್ಲ? ದವಡೆ ಹಲ್ಲು ಪೂರ್ತಿ ಬಾರದ ಮಗು ಇಡೀ ಬೀಜವನ್ನು ಅಗಿಯಲಾರದು. ನಗುತ್ತಲೋ ಅಳುತ್ತಲೋ ಉಸಿರೆಳೆದುಕೊಂಡಾಗ ಬೀಜ ಶ್ವಾಸನಾಳಕ್ಕೆ ಇಳಿಯುತ್ತದೆ. ಮಕ್ಕಳ ಉಸಿರಿನ ದಾರಿಯಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಬೀಜದ್ದು ಮುಂಚೂಣಿಯ ಸ್ಥಾನ. ಚಿಕ್ಕ ಮಕ್ಕಳಿಗೆ ಶೇಂಗಾವನ್ನು ಪುಡಿ ಮಾಡಿಯೋ ಅರೆದೋ ಕೊಡಬೇಕು ಎಂಬುದು ಆ ಮನೆಯವರಿಗೆ ಗೊತ್ತಿದೆಯೇ? ಗಂಟಲಿಗೆ ಸಿಕ್ಕಿಕೊಂಡಾಗ ಕೂಸನ್ನು ಬೋರಲು ಹಿಡಿದು ಬೆನ್ನಿಗೆ ತಟ್ಟುವ ರೀತಿಯನ್ನು ಯಾರಾದರೂ ಕೈಹಿಡಿದು ತೋರಿಸಿದ್ದಾರೆಯೇ?

ನಾಲ್ಕನೆಯದು ನಿದ್ದೆ. ಮಕ್ಕಳೆಲ್ಲ ಮಧ್ಯಾಹ್ನ ಒಟ್ಟಿಗೇ ಸದ್ದಿಲ್ಲದೆ ಮಲಗಿರುವ ಮನೆ ನೋಡಿ ನಾವು ಮೆಚ್ಚಿಕೊಳ್ಳುತ್ತೇವೆ. ಯಾಕೆ ಹಾಗೆ ಮಲಗಿವೆ ಎಂದೂ ಕೇಳಬೇಕು. ನೆಗಡಿ ಸಿರಪ್ಪು ಕುಡಿದ ಮಗು ಮಂಪರಿಗೆ ಜಾರಬಹುದು. ನೆಗಡಿಗೆಂದು ಸಿಗುವ ಒಂದು ಸಾಮಾನ್ಯ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ಲಿನ ಮೇಲೆ ಅಚ್ಚು ಹಾಕುವಂತೆ 2023ರ ಡಿಸೆಂಬರಿನಲ್ಲಿ ದೇಶದ ಔಷಧ ನಿಯಂತ್ರಕರೇ ಸೂಚಿಸಿದ್ದಾರೆ. ತಾಯಿ ಕೈಯಾರೆ ಕೊಟ್ಟು, ಹೊತ್ತು ಬರೆದು ಹೋದ ಔಷಧ ಬಿಟ್ಟು ಇನ್ನೊಂದು ಹನಿಯೂ ಆ ಮನೆಯಲ್ಲಿ ಮಗುವಿನ ಬಾಯಿಗೆ ಹೋಗಬಾರದು. ಮೊಬೈಲ್ ಕೂಡ ಇದೇ ಸಾಲಿಗೆ ಸೇರಿದ್ದು. ಎರಡು ವರ್ಷ ತುಂಬುವವರೆಗೆ ಪರದೆ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಾತು.

ಐದನೆಯದನ್ನು ಕೇಳಲು ಮುಜುಗರ, ಆದರೂ ಕೇಳಲೇಬೇಕು. ಆ ಮನೆಯಲ್ಲಿ ಹಗಲು ಹೊತ್ತು ಬೇರೆ ಯಾರು ಇರುತ್ತಾರೆ, ಯಾರು ಬಂದು ಹೋಗುತ್ತಾರೆ? ಆಕೆ ಸೊಪ್ಪು ತರಲು ಹೋದಾಗ ಮಕ್ಕಳು ಯಾರ ವಶದಲ್ಲಿರುತ್ತಾರೆ? ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೊ ಕಾಯ್ದೆ, ಮಕ್ಕಳ ಸಹಾಯವಾಣಿ 1098 ಎಂಬವು ಬರೀ ಗೋಡೆಯ ಪೋಸ್ಟರ್ ಆಗಿ ಉಳಿಯಬಾರದು. ಮಾತು ಬಾರದ ಮಗುವಿನ ಪರವಾಗಿ ಮಾತಾಡುವವರು ದೊಡ್ಡವರೇ.

ಇವೆಲ್ಲ ಮಗುವಿನ ಜೀವ ಕಾಯುವ ಪ್ರಶ್ನೆಗಳು. ಗುಣಮಟ್ಟ ಅನ್ನುವುದು ಇದರ ಮೇಲಿನದು. ಹಿರಿಯೂರಿನ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಶೀಟಿನ ಮನೆ, ನೆಲಕ್ಕೆ ರೆಡಾಕ್ಸೈಡು, ಬೊಂಬೆ ಅಂತ ಇದ್ದದ್ದು ಎರಡು ಸ್ಟೀಲ್ ಲೋಟ, ಖಾಲಿ ಪೌಡರ್ ಡಬ್ಬಿ. ಒಂದೂವರೆ ವರ್ಷದ ಹುಡುಗಿಯೊಬ್ಬಳು ರಾಗಿ ಸರಿ ಬೇಡವೆಂದು ಮುಖ ತಿರುಗಿಸಿದಳು. ನೋಡಿಕೊಳ್ಳುವ ಅಕ್ಕ ಬಲವಂತ ಮಾಡಲಿಲ್ಲ, ಗದರಲೂ ಇಲ್ಲ. ಬಟ್ಟಲನ್ನು ಕೆಳಗಿಟ್ಟು ‘ಗುಬ್ಬಿ ಬಂತು ನೋಡು, ಅದಕ್ಕೂ ಹಸಿವಂತೆ’ ಎಂದಳು. ಹುಡುಗಿ ‘ಬುಬ್ಬಿ’ ಎಂದಳು. ‘ಹೂಂ ಕಣವ್ವ, ಗುಬ್ಬಿ. ಎಲ್ಲಿಗೆ ಹಾರಿತು?’ ಎಂದು ಅಕ್ಕ ಕೇಳಿದಳು. ಹುಡುಗಿ ಬೆರಳು ತೋರಿಸಿದಳು. ಈ ಮಾತುಕತೆ ನಡೆದಿರುವಾಗಲೇ ಅರ್ಧ ಬಟ್ಟಲು ಸರಿ ಹೊಟ್ಟೆಗೆ ಹೋಗಿತ್ತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವ ಬ್ಯಾಂಕ್ ಸೇರಿ ಮಗುವಿನ ಬೆಳವಣಿಗೆಗೆ ಐದು ಅಂಶ ಬೇಕೆಂದವು: ಆರೋಗ್ಯ, ಪೌಷ್ಟಿಕ ಆಹಾರ, ಸುರಕ್ಷತೆ, ಕಲಿಕೆಯ ಅವಕಾಶ, ಮತ್ತು ಮಗುವಿನ ಸನ್ನೆಗೆ ಓಗೊಡುವ ಆರೈಕೆ. ಕೊನೆಯದನ್ನು ಆ ಅಕ್ಕ ಯಾವ ತರಬೇತಿಯೂ ಇಲ್ಲದೆ ಮಾಡುತ್ತಿದ್ದಳು. ಗೋಡೆ ತುಂಬ ಕಾರ್ಟೂನ್ ಬರೆಸಿ, ಎ ಬಿ ಸಿ ಡಿ ಒಪ್ಪಿಸುವ ಮಗುವನ್ನು ಮುಂದೆ ನಿಲ್ಲಿಸುವ ಮನೆಗಿಂತ ಇದಕ್ಕೆ ಹೆಚ್ಚು ಅಂಕ ಸಲ್ಲಬೇಕು. ಅದೇ ಮನೆಯ ಸಂಪಿನ ಮುಚ್ಚಳಕ್ಕೆ ಬೀಗವಿರಲಿಲ್ಲ. ಪ್ರೀತಿ ಇದ್ದ ಕಡೆ ಇಲಾಖೆ ಕೊಡಬೇಕಾದದ್ದು ಆ ಬೀಗವನ್ನು.

ಆದ್ದರಿಂದ ತಪಾಸಣೆ ಎಂದರೆ ದಾಳಿ ಆಗಕೂಡದು. ಜೀಪಿನಲ್ಲಿ ಬಂದು ನೋಟಿಸ್ ಅಂಟಿಸಿದರೆ ಆಕೆ ಬಾಗಿಲು ಮುಚ್ಚುತ್ತಾಳೆ, ತಾಯಿ ಕೆಲಸ ಬಿಡುತ್ತಾಳೆ, ಇಲ್ಲವೇ ಮಗು ಮತ್ತೆ ಮೆಟ್ಟುಗತ್ತಿಯ ಪಕ್ಕಕ್ಕೆ ಹೋಗುತ್ತದೆ. ಕೊಲಂಬಿಯಾ ದೇಶ 1980ರ ದಶಕದಲ್ಲಿ ಬೇರೆ ದಾರಿ ಹಿಡಿಯಿತು. ಬಡ ಬಡಾವಣೆಗಳ ತಾಯಂದಿರು ತಮ್ಮ ಮನೆಗಳಲ್ಲೇ ನೆರೆಹೊರೆಯ ಮಕ್ಕಳನ್ನು ನೋಡಿಕೊಳ್ಳುವುದನ್ನು ಸರ್ಕಾರ ಒಪ್ಪಿಕೊಂಡು, ಅವರಿಗೆ ತರಬೇತಿ, ಮಕ್ಕಳಿಗೆ ಆಹಾರ ಕೊಡತೊಡಗಿತು. ಆ ಹೆಂಗಸರು ಮುಂದೆ ಸರಿಯಾದ ಸಂಬಳಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು ಎಂಬುದನ್ನೂ ನಾವು ಪಾಠವಾಗಿ ತೆಗೆದುಕೊಳ್ಳಬೇಕು.

ನಮ್ಮ ಕೂಸಿನ ಮನೆಯಲ್ಲೂ ಒಂದು ಕೊರತೆ ಇದೆ. ಆರೈಕೆದಾರರ ಕೂಲಿಯನ್ನು ಉದ್ಯೋಗ ಖಾತ್ರಿಗೆ ಕಟ್ಟಿದ್ದರಿಂದ, ಒಂದು ಕುಟುಂಬಕ್ಕೆ ವರ್ಷಕ್ಕೆ ಇಷ್ಟೇ ದಿನ ಎಂಬ ಮಿತಿಗೆ ತಕ್ಕಂತೆ ಸರದಿಯ ಮೇಲೆ ಹೆಂಗಸರು ಬದಲಾಗುತ್ತಾರೆ. ಕೆಲಸ ಹಂಚುವ ದೃಷ್ಟಿಯಿಂದ ಅದು ಸರಿ ಇರಬಹುದು. ಒಂದು ವರ್ಷದ ಮಗುವಿಗೆ ಮಾತ್ರ, ಒಂದು ಮುಖಕ್ಕೆ ಹೊಂದಿಕೊಂಡು ಅಳು ನಿಲ್ಲಿಸುವ ಹೊತ್ತಿಗೆ ಇನ್ನೊಂದು ಮುಖ ಎದುರಾಗುತ್ತದೆ. ಆರೈಕೆದಾರರು ಕಾಯಂ ಆಗಿರುವುದೂ ಗುಣಮಟ್ಟದ ಒಂದು ಅಳತೆಯೇ. ಮನೆಯಲ್ಲಿ ನೋಡಿಕೊಳ್ಳುವ ಅಕ್ಕನ ಹತ್ತಿರ ಈ ಒಂದು ಬಲವಿದೆ. ಅವಳು ಬದಲಾಗುವುದಿಲ್ಲ. ಆದರೆ ಅವಳಿಗೆ ರಜೆಯಿಲ್ಲ, ಜ್ವರ ಬಂದರೆ ಬದಲಿಗೆ ಯಾರೂ ಇಲ್ಲ. ದಣಿದವಳ ತಾಳ್ಮೆ ಸಂಜೆ ನಾಲ್ಕಕ್ಕೆ ಮುಗಿದರೆ ತಪ್ಪು ಅವಳೊಬ್ಬಳದೇ ಅಲ್ಲ.

ಮಾನ್ಯರೇ, ನನ್ನ ಬೇಡಿಕೆಗಳು ದೊಡ್ಡವಲ್ಲ. ಮೊದಲು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳಲ್ಲಿ ಇಂಥ ಮನೆಗಳ ಪಟ್ಟಿ ಮಾಡಿಸಿ. ಶುಲ್ಕವಿಲ್ಲದೆ, ಹೆದರಿಸದೆ ಹೆಸರು ಬರೆದುಕೊಳ್ಳಿ. ಒಬ್ಬರ ಬಳಿ ಎಷ್ಟು ಮಕ್ಕಳಿರಬಹುದು ಎಂದು ಗೊತ್ತು ಮಾಡಿ. ಅಂಗನವಾಡಿ ಮೇಲ್ವಿಚಾರಕಿಯರು ಮೂರು ತಿಂಗಳಿಗೊಮ್ಮೆಯಾದರೂ ಹೇಳದೆ ಬಂದು, ಒಂದು ಬೆಳಗು ಪೂರ್ತಿ ಕೂತು ನೋಡಲಿ. ಅದಕ್ಕಾಗಿ ಅವರ ಮೇಲಿನ ಬೇರೆ ಕೆಲಸದ ಹೊರೆ ಇಳಿಸಿ. ಆಶಾ ಕಾರ್ಯಕರ್ತೆಯರು ತಾಯಿ ಕಾರ್ಡು ನೋಡಿ ಲಸಿಕೆ, ತೂಕ ಗಮನಿಸಲಿ. ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಈ ಮನೆಗಳಿಗೂ ಬರಲಿ. ಕೂಸಿನ ಮನೆಯ ಆರೈಕೆದಾರರಿಗೆ ಕೊಡುವ ತರಬೇತಿಯಲ್ಲಿ ಇವರಿಗೂ ಜಾಗ ಕೊಡಿ. ನಗರಸಭೆ, ಪುರಸಭೆಗಳ ವ್ಯಾಪ್ತಿಗೂ ಕೂಸಿನ ಮನೆ ಬೇಕೆಂದು ಸರ್ಕಾರಕ್ಕೆ ಬರೆಯಿರಿ.

ಇನ್ನು ತಾಯಿ ತಂದೆಯರಲ್ಲಿ ಒಂದು ಮಾತು. ಎಷ್ಟು ತಗೊಳ್ತೀರಿ ಎಂದು ಕೇಳುವ ಮೊದಲು ಎಷ್ಟು ಮಕ್ಕಳಿವೆ ಎಂದು ಕೇಳಿ. ಸೇರಿಸುವ ಮುನ್ನ ಒಂದು ಬೆಳಿಗ್ಗೆ ಅಲ್ಲೇ ಕೂತು ನೋಡಿ. ಆಮೇಲೆ ಆಗಾಗ ಹೇಳದೆ ಹೋಗಿ. ಬಾಗಿಲು ತೆಗೆಯಲು ಬೇಸರಪಟ್ಟುಕೊಳ್ಳುವ ಮನೆಯಲ್ಲಿ ಮಗುವನ್ನು ಬಿಡಬೇಡಿ. ಒಳ್ಳೆಯ ಮನೆ ಸಿಕ್ಕರೆ ಐನೂರು ರೂಪಾಯಿಗೆ ಚೌಕಾಸಿ ಮಾಡಬೇಡಿ. ಮಕ್ಕಳ ದಿನವನ್ನು ಅಗ್ಗಕ್ಕೆ ಕೊಳ್ಳಲು ಹೊರಟರೆ, ಮೊದಲು ಕಡಿಮೆಯಾಗುವುದು ಆ ಅಕ್ಕನ ಹಾಲಿನ ಲೆಕ್ಕ, ಆಮೇಲೆ ಅವಳ ತಾಳ್ಮೆ.

ಅಧಿಕಾರಿಗಳೇ, ಈ ಕೆಲಸಕ್ಕೆ ಹೊಸ ಕಟ್ಟಡ ಬೇಕಿಲ್ಲ, ಟೆಂಡರ್ ಬೇಕಿಲ್ಲ. ನಾಲ್ಕು ಪಟ್ಟಣಗಳಲ್ಲಿ ಪಟ್ಟಿ ಮಾಡಿಸಲು ಒಂದು ಸುತ್ತೋಲೆ ಸಾಕು. ದಯವಿಟ್ಟು ಅದನ್ನು ಈ ವರ್ಷವೇ ಹೊರಡಿಸಿ.

ಇಂತಿ ತಮ್ಮ ವಿಶ್ವಾಸಿ,
ಹೊಳಲ್ಕೆರೆಯ ಒಬ್ಬ ಅಜ್ಜಿ