ಪಟ್ಟಿ ಬರೆದು ಬಾಳುವವರು
ಊರೂರು ಅಲೆಯುತ್ತ ಕಂಪ್ಯೂಟರಿನ ಮುಂದೆಯೇ ಉದರಂಭರಣ ನಡೆಸುವ ಆಧುನಿಕ ಪರಿವ್ರಾಜಕರಿಗೆ ಯಾವ ನಗರದಲ್ಲಿ ಬಾಡಿಗೆ ಅಗ್ಗ, ಎಲ್ಲಿ ಇಂಟರ್‌ನೆಟ್ಟು ಶೀಘ್ರಗಾಮಿ ಎಂಬುದನ್ನು ಅರಿಯುವ ಸಲುವಾಗಿ ಪೀಟರ್ ಲೆವೆಲ್ಸ್ ಎಂಬ ಡಚ್ ತರುಣನು 2014ರಲ್ಲಿ ಒಂದು ಕೋಷ್ಟಕವನ್ನು ಲೋಕದ ಮುಂದೆ ತೆರೆದಿಟ್ಟನಷ್ಟೆ. ಅದರ ಮನೆಗಳನ್ನು ತುಂಬಿದವರು ಅಪರಿಚಿತರಾದ ಪುಣ್ಯಾತ್ಮರು. ಅದು ‘ನೊಮ್ಯಾಡ್ ಲಿಸ್ಟ್’ ಎಂಬ ಜಾಲತಾಣವಾಗಿ ಬೆಳೆದ ಮೇಲೆ ಸದಸ್ಯತ್ವದ ಶುಲ್ಕದಿಂದ ತುಂಬಿದುದು ಮಾತ್ರ ಆತನ ಜೇಬು! ಸಕಲ ಜಾಲಪ್ರಪಂಚವನ್ನೂ ವರ್ಗೀಕರಿಸಹೊರಟಿದ್ದ ಯಾಹೂವಿನ ಮಹಾಸೂಚಿಯು ಅದೇ ವರ್ಷಾಂತ್ಯದಲ್ಲಿ ಕಣ್ಮುಚ್ಚಿತೆಂಬುದನ್ನು ನೆನೆದರೆ, ಲಕ್ಷ್ಮಿಗೂ ದಪ್ಪ ಗ್ರಂಥಗಳೆಂದರೆ ಬೇಸರವಿರಬೇಕು. ಈ ವೃತ್ತಾಂತವನ್ನರಿತ ಮೇಲೆ ನಾನು ನಮ್ಮ ಮನೆಯಾಕೆಯ ದಿನಸಿ ಚೀಟಿಯನ್ನು ಗೌರವದಿಂದ ಕಾಣತೊಡಗಿದ್ದೇನೆ. ಸದ್ಯಕ್ಕೆ ಅದಕ್ಕೆ ಶುಲ್ಕ ತೆರುವ ಸದಸ್ಯನು ನಾನೊಬ್ಬನೇ.